ಇಲ್ಲ ಎನ್ನದ ಡಾಕ್ಟರು

ಅವರು ತೀರಿಕೊಂಡ ದಿನ ನನಗೆ ಮೂರು ಜನ ಫೋನ್ ಮಾಡಿದರು. ಮೂವರೂ ಹೇಳಿದ್ದು ಒಂದೇ ಮಾತು. "ಯಾರಿಗೂ ಇಲ್ಲ ಅಂದ ಮನುಷ್ಯಾ ಅಲ್ರಿ ಸಿಸ್ಟರ್." ಹೌದು ಎಂದೆ. ನಿಜವಾದ ಮಾತಿಗೆ ಅಲ್ಲ ಎನ್ನುವುದು ಹೇಗೆ? ಶಹಾಪುರ, ಸುರಪುರ ಸೀಮೆಯ ಒಂದು ಸರ್ಕಾರಿ ದವಾಖಾನೆಯಲ್ಲಿ, ಯಾವುದೆಂದು ಹೇಳುವುದು ಬೇಡ, ಹನ್ನೊಂದು ವರ್ಷ ಅವರ ಕೈಕೆಳಗೆ ಸ್ಟಾಫ್ ನರ್ಸ್ ಆಗಿ ದುಡಿದವಳು ನಾನು. ಅಷ್ಟೂ ವರ್ಷ ಅವರ ಬಾಯಿಂದ 'ಇಲ್ಲ' ಎಂಬ ಮಾತು ಬಿದ್ದದ್ದನ್ನು ಕೇಳಲಿಲ್ಲ. ನಾನು ಅವರನ್ನು ಕ್ಷಮಿಸದೇ ಇರುವುದು ಅದೇ ಕಾರಣಕ್ಕೆ.

ಹೊಗಳುವ ಕೆಲಸವನ್ನು ಬೇರೆಯವರು ಚೆನ್ನಾಗಿಯೇ ಮಾಡಿದ್ದಾರೆ. ಪೇಪರಿನಲ್ಲಿ ಫೋಟೋ ಬಂದಿದೆ, ಶ್ರದ್ಧಾಂಜಲಿ ಸಭೆಯಾಗಿದೆ, ದವಾಖಾನೆಯ ಗೇಟಿಗೆ ಅವರ ಹೆಸರಿಡಬೇಕೆಂದು ಯಾರೋ ಮನವಿಯನ್ನೂ ಕೊಟ್ಟಿದ್ದಾರಂತೆ. ಹಾಗಾಗಿ ಉಳಿದದ್ದನ್ನು ನಾನು ಬರೆಯುತ್ತೇನೆ. ಹೆಸರು ಹೇಳುವುದಿಲ್ಲ. ಮಕ್ಕಳಿದ್ದಾರೆ, ಹೆಂಡತಿ ಇದ್ದಾರೆ. ಅವರ ತಪ್ಪೇನೂ ಇಲ್ಲ.

ಎತ್ತರದ ಆಳು. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅರ್ಧತೋಳಿನ ಅಂಗಿ ಬಿಟ್ಟು ಬೇರೆ ತೊಟ್ಟದ್ದನ್ನು ನಾನು ನೋಡಿಲ್ಲ. ಬೇಸಿಗೆಯಲ್ಲಿ ಕುತ್ತಿಗೆಗೆ ಒದ್ದೆ ಕರವಸ್ತ್ರ. ಮೇಜಿನ ಖಾನೆಯಲ್ಲಿ ಮಕ್ಕಳಿಗೆಂದು ಪೆಪ್ಪರ್‌ಮಿಂಟು. ಮುದುಕಿಯರು ಒಳಗೆ ಬಂದರೆ ಎದ್ದು ನಿಲ್ಲುತ್ತಿದ್ದರು, ಹೋಗುವಾಗ ಬಾಗಿಲ ತನಕ ಬರುತ್ತಿದ್ದರು. ಹೆಣ್ಣುಮಕ್ಕಳನ್ನೆಲ್ಲ "ತಾಯಿ" ಎಂದೇ ಕರೆಯುತ್ತಿದ್ದರು, ಹದಿನಾರರ ಹುಡುಗಿ ಬಂದರೂ "ಏನಾಗ್ಯಾದ ತಾಯಿ?" ಲಂಚ ಮುಟ್ಟಿದವರಲ್ಲ. ಹಾವು ಕಚ್ಚಿದವರನ್ನು, ಬೆಳೆಗೆ ಹೊಡೆಯುವ ಎಣ್ಣೆ ಕುಡಿದು ಬಂದವರನ್ನು ಅವರು ಉಳಿಸಿದ್ದನ್ನು ನನ್ನ ಕಣ್ಣಾರೆ ಕಂಡಿದ್ದೇನೆ. ಧ್ವನಿ ಏರಿಸಿದವರಲ್ಲ. ನಾನು ಒಮ್ಮೆ ತಪ್ಪು ಇಂಜೆಕ್ಷನ್ ತುಂಬಿದಾಗಲೂ ನನ್ನ ಕೈಯಿಂದ ಮೆಲ್ಲಗೆ ಸಿರಿಂಜ್ ತೆಗೆದುಕೊಂಡು, "ಚಾ ಕುಡ್ದು ಬರ್ರಿ ಸಿಸ್ಟರ್" ಎಂದರು, ಅಷ್ಟೆ. ಇದನ್ನೆಲ್ಲ ಬಿಟ್ಟು ಬರೆದರೆ ನಾನು ಸುಳ್ಳು ಹೇಳಿದಂತೆ.

ಈಗ ಬಸಿರು ಬೇಡವೆಂದು ಬಂದ ಹೆಂಗಸರ ಮಾತು.

ಅಂಥವಳು ಬಂದು ಎದುರಿನ ಸ್ಟೂಲಿನ ಮೇಲೆ ಕುಳಿತು, ಸೆರಗನ್ನು ಬೆರಳಿಗೆ ಸುತ್ತುತ್ತ, ವಿಷಯ ಹೇಳಿ ಮುಗಿಸುವ ತನಕ ಅವರು ನಡುವೆ ಬಾಯಿ ಹಾಕುತ್ತಿರಲಿಲ್ಲ. ಆಮೇಲೆ ಪೆನ್ನು ಕೆಳಗಿಡುವರು. ಚಸ್ಮಾ ತೆಗೆದು ಅಂಗಿಯ ಅಂಚಿನಿಂದ ಒರೆಸುವರು.

"ವಿಚಾರ ಮಾಡೀಯೇನು ತಾಯಿ?"

"ಮಾಡೀನ್ರಿ ಸಾಹೇಬ್ರ."

"ಇನ್ನೊಂದು ಸಲ ಮಾಡು. ಅವಸರ ಇಲ್ಲ. ಎಂಟು ಹತ್ತು ದಿನ ಬಿಟ್ಟು ಬಾ. ಬರೂ ಮುಂದ ಗಂಡನ್ನ ಕರ್ಕೊಂಡು ಬಾ, ಅಂವನ ಸಹಿ ಬೇಕಾಗ್ತದ."

ಅವಳು ಹತ್ತು ದಿನ ಬಿಟ್ಟು ಬರುವಳು. ಗಂಡ ಬಂದಿರುವುದಿಲ್ಲ, ಇಲ್ಲವೇ ಗಂಡನಿಗೆ ತಿಳಿಸುವ ಹಾಗೇ ಇರುವುದಿಲ್ಲ. "ಅತ್ತಿನ್ನರೆ ಕರ್ಕೊಂಡು ಬಾ." ಅತ್ತೆ ಬಂದರೆ, "ಮೊದಲ ರಕ್ತದ ಪರೀಕ್ಷಾ ಆಗ್ಲಿ." ಪರೀಕ್ಷೆ ಆದರೆ ಡಾಕ್ಟರಿಗೆ ಅಂದು ಮೀಟಿಂಗು. ಹೀಗೆ ಮೂರು ಸಲ, ನಾಲ್ಕು ಸಲ. ಕೊನೆಗೆ ಒಂದು ದಿನ ಅವರು ಬೆರಳು ಮಡಚಿ ವಾರ ಎಣಿಸುವರು. ಮುಖದಲ್ಲಿ ನಿಜವಾದ ದುಃಖ. "ದಿನ ಮೀರ್ಯಾವಲ್ಲ ತಾಯಿ. ಇನ್ನ ನನ್ನ ಕೈಯಾಗ ಏನದ?" ಆಮೇಲೆ ಕಬ್ಬಿಣದ ಗುಳಿಗೆ ಬರೆದುಕೊಡುವರು.

ಅವಳ ಚೀಟಿಯಲ್ಲಿ ಪ್ರತಿ ಸಲವೂ ಒಂದೇ ಸಾಲು. "ಪುನಃ ಬರಲು ತಿಳಿಸಲಾಗಿದೆ." ಮುತ್ತಿನಂಥ ಅಕ್ಷರ. ಆ ದವಾಖಾನೆಯ ದಫ್ತರವನ್ನೆಲ್ಲ ತಿರುವಿ ಹಾಕಿದರೂ ಒಬ್ಬ ಹೆಂಗಸನ್ನು ವಾಪಸ್ಸು ಕಳಿಸಿದ ದಾಖಲೆ ಸಿಗುವುದಿಲ್ಲ.

ಕಾನೂನು ಅವರಿಗೆ ಗೊತ್ತಿರಲಿಲ್ಲವೇ? ನನಗಿಂತ ಚೆನ್ನಾಗಿ ಗೊತ್ತಿತ್ತು. ಹದಿನೆಂಟು ತುಂಬಿದ ಹೆಣ್ಣಿಗೆ ಅವಳದೇ ಸಹಿ ಸಾಕು. ಗಂಡನದು ಬೇಡ, ಅಪ್ಪನದು ಬೇಡ, ಅತ್ತೆಯದು ಬೇಡ. ಅವಳ ಹೆಸರನ್ನು ಹೊರಗೆ ಬಿಡಬಾರದು. ಈ ಮಾತೆಲ್ಲ ಬರೆದ ಸರ್ಕಾರದ ಬೋರ್ಡು ನಮ್ಮ ಓಣಿಯಂಥ ವರಾಂಡದ ಗೋಡೆಯ ಮೇಲೆ ಇತ್ತು. ಅದರ ಮುಂದೆ ಔಷಧಿಯ ಕಪಾಟು ನಿಲ್ಲಿಸಿದ್ದರು. ಜಾಗ ಸಾಲುವುದಿಲ್ಲ ಎಂದು.

ನಾನೇನು ಮಾಡುತ್ತಿದ್ದೆ? ಅವರ ಕುರ್ಚಿಯ ಹಿಂದೆ ನಿಂತಿರುತ್ತಿದ್ದೆ. ಅಳುತ್ತಿದ್ದವಳನ್ನು ಹೊರಗೆ ಕರೆತಂದು, ಬೆನ್ನು ಸವರಿ, "ಸಾಹೇಬ್ರು ನಿನ್ನ ಚಲೋದಕ್ಕ ಹೇಳಾಕತ್ತಾರವ್ವ" ಎನ್ನುತ್ತಿದ್ದೆ. ಸಂಬಳಕ್ಕೆ ಆಡಿದ ಮಾತಾಗಿದ್ದರೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಮೊದಲ ಕೆಲವು ವರ್ಷ ನಾನು ಅದನ್ನು ನಂಬಿದ್ದೆ.

ಹಾಗೆ ವಾಪಸ್ಸು ಹೋದವರಲ್ಲಿ ಕೆಲವರು ಹೆತ್ತರು. ಕೆಲವರು ಎಲ್ಲಿಂದಲೋ ಗುಳಿಗೆ ತರಿಸಿ ನುಂಗಿದರು. ಇಬ್ಬರು ಮೂವರು ಊರಿನ ಮುದುಕಿಯ ಕೈಯಲ್ಲಿ ಕಡ್ಡಿ ಇಡಿಸಿಕೊಂಡು, ಸೀರೆಯೆಲ್ಲ ರಕ್ತವಾಗಿ, ಟಂಟಂ ಗಾಡಿಯಲ್ಲಿ ಮಲಗಿಕೊಂಡೇ ನಮ್ಮಲ್ಲಿಗೆ ಬಂದರು. ಆಗ ನೋಡಬೇಕಿತ್ತು ಡಾಕ್ಟರನ್ನು. ಊಟ ಬಿಟ್ಟು ನಿಲ್ಲುತ್ತಿದ್ದರು. ಒಬ್ಬಳನ್ನೂ ಸಾಯಗೊಡಲಿಲ್ಲ. ಬಂಧುಗಳು ಅವರ ಕಾಲಿಗೆ ಬೀಳುತ್ತಿದ್ದರು. ಅವರು "ಏಳ್ರಿ, ಏಳ್ರಿ, ಮ್ಯಾಲಿರಂವಾ ಅದಾನ" ಎಂದು ಎಬ್ಬಿಸುತ್ತಿದ್ದರು. ಅವಳನ್ನು ಆ ಕಡ್ಡಿಯ ತನಕ ನಡೆಸಿಕೊಂಡು ಹೋದದ್ದು ಯಾರು ಕೊಟ್ಟ ಎಂಟು ಹತ್ತು ದಿನಗಳು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಗರ್ಭ ತೆಗೆಯುವುದು ತಪ್ಪು ಎಂದು ನಂಬಿದವರ ಮೇಲೆ ನನಗೆ ತಿರಸ್ಕಾರವಿಲ್ಲ. ನಮ್ಮಲ್ಲೇ ಒಬ್ಬರು ಹಿರಿಯ ಸಿಸ್ಟರ್ ಇದ್ದರು. ದಿನವೂ ಪ್ರಾರ್ಥನೆ ಮಾಡಿ ಡ್ಯೂಟಿಗೆ ಬರುವವರು. ಅವರು ಅಂಥ ಕೇಸಿಗೆ ಒಳಗೇ ಬರುತ್ತಿರಲಿಲ್ಲ. ಆದರೆ ಹೆಂಗಸಿನ ಮುಖ ನೋಡಿ ನೇರವಾಗಿ ಹೇಳುತ್ತಿದ್ದರು. "ನನ್ನ ಕೈಲೆ ಆಗಂಗಿಲ್ಲವ್ವ, ನನ್ನ ದೇವರು ಒಪ್ಪಂಗಿಲ್ಲ. ಯಾದಗಿರಿಗಿ ಹೋಗು. ಅಲ್ಲಿ ಮಾಡ್ತಾರ. ಇವತ್ತೇ ಹೋಗು, ನಾಳಿಗಿ ಅನಬ್ಯಾಡ." ಹೇಳಿ, ಬಸ್ಸಿನ ಹೊತ್ತನ್ನೂ ತಿಳಿಸುತ್ತಿದ್ದರು. ತನ್ನ ನಂಬಿಕೆಯ ಭಾರವನ್ನು ತಾನೇ ಹೊತ್ತ ಹೆಂಗಸು ಅದು. ನಮ್ಮ ಡಾಕ್ಟರು ತಮ್ಮ ನಂಬಿಕೆಯನ್ನು ಬೇರೆಯವರ ಹೊಟ್ಟೆಯಲ್ಲಿ ಹೊರಿಸುತ್ತಿದ್ದರು, ಮೇಲೆ ಒಳ್ಳೆಯವರೆಂದು ಹೆಸರನ್ನೂ ಪಡೆಯುತ್ತಿದ್ದರು. ಒಂದು ಸಲ ಅವರು ಬಾಯಿಬಿಟ್ಟು "ನಾ ಮಾಡಂಗಿಲ್ಲ" ಎಂದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಮಹಿಳಾ ದಿನಾಚರಣೆ ಬಂದರೆ ಡಿಗ್ರಿ ಕಾಲೇಜಿನವರು ಅವರನ್ನೇ ಕರೆಯುವುದು. ಒಂದು ವರ್ಷ ನಾನೂ ಜೊತೆಗೆ ಹೋಗಿದ್ದೆ. "ಹೆಣ್ಣು ಅಂದ್ರ ಭೂಮಿ" ಎಂದು ಶುರು ಮಾಡಿದರು. ಭೂಮಿ ಎಲ್ಲವನ್ನೂ ತಾಳಿಕೊಳ್ಳುತ್ತಾಳೆ, ಬಿತ್ತಿದ್ದನ್ನು ಬೆಳೆದು ಕೊಡುತ್ತಾಳೆ, ಇತ್ಯಾದಿ. ಮುಕ್ಕಾಲು ಗಂಟೆ. ಕೊನೆಗೆ ಪ್ರಶ್ನೆ ಇದ್ದರೆ ಕೇಳಿ ಎಂದಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. ಸಣಕಲಿ, ಎರಡು ಜಡೆ.

"ಸರ್, ಈ ವರ್ಷ ನನಗ ಬೀಜ ಬ್ಯಾಡ ಅನ್ನೂ ಹಕ್ಕು ಭೂಮಿಗಿ ಅದ ಏನ್ರಿ?"

ಹಾಲ್ ಪೂರ್ತಿ ಗೊಳ್ಳೆಂದಿತು. ಪ್ರಿನ್ಸಿಪಾಲರ ಮುಖ ಕೆಂಪಾಯಿತು. ಡಾಕ್ಟರು ಮಾತ್ರ ನಕ್ಕರು. "ಭಾಳ ಶಾಣ್ಯಾಕಿ ಅದೀಯಲ್ಲ ತಾಯಿ! ಎಲ್ರೂ ಚಪ್ಪಾಳಿ ತಟ್ರಿ ಈ ಮಗಳಿಗಿ." ಎಲ್ಲರೂ ತಟ್ಟಿದರು. ಚಪ್ಪಾಳೆ ನಿಲ್ಲುವಷ್ಟರಲ್ಲಿ ವಂದನಾರ್ಪಣೆಗೆ ಯಾರೋ ಮೈಕು ಹಿಡಿದಿದ್ದರು. ಹುಡುಗಿ ನಿಂತೇ ಇದ್ದಳು, ಉತ್ತರಕ್ಕೆ ಕಾಯುತ್ತ. ಶಾಲು ಹೊದ್ದ ಡಾಕ್ಟರು ಅವಳ ಪಕ್ಕದಿಂದಲೇ ಕೈಮುಗಿಯುತ್ತ ಹಾದುಹೋದರು.

ಆದರೆ ನನ್ನ ಕಣ್ಣು ತೆರೆದದ್ದು ಅಲ್ಲಲ್ಲ. ವಡಗೇರಾ ಕಡೆಯ ಹಳ್ಳಿಯಿಂದ ಒಬ್ಬ ಹುಡುಗಿ ಬಂದಳು. ಬಿ.ಎ. ಎರಡನೇ ವರ್ಷ, ಹತ್ತೊಂಬತ್ತು ವಯಸ್ಸು, ಮದುವೆಯಾಗಿಲ್ಲ. ಜೊತೆಗೆ ಗೆಳತಿಯೊಬ್ಬಳು. ಎರಡು ತಿಂಗಳೂ ಪೂರ್ತಿಯಾಗಿರಲಿಲ್ಲ. ಗುಳಿಗೆಯಲ್ಲೇ ಮುಗಿಯುವ ಕೆಲಸ.

"ನೀ ನನ್ನ ಮಗಳಿದ್ದಂಗ," ಎಂದರು ಡಾಕ್ಟರು. "ಹೆದರಬ್ಯಾಡ. ನಿಮ್ಮಪ್ಪಗ ನಾನೇ ಹೇಳ್ತೀನಿ, ಸಮಾಧಾನಲೆ."

"ಬ್ಯಾಡ್ರಿ ಸರ್. ನಿಮ್ಮ ಕಾಲಿಗಿ ಬೀಳ್ತೀನಿ. ಅಪ್ಪಗ ಹೇಳಬ್ಯಾಡ್ರಿ."

"ಏ ಹುಚ್ಚಿ. ಅಪ್ಪ ಅಂದ್ರ ವೈರಿ ಏನು?"

ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಲು ನನಗೆ ಹೇಳಿ, ಒಳಗಿಂದ ಅಪ್ಪನಿಗೆ ಫೋನ್ ಮಾಡಿದರು. ನಾನು ಆ ಹುಡುಗಿಗೆ ನೀರು ಕೊಡುತ್ತ ಕೂತಿದ್ದೆ. ಓಡಿಹೋಗು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಎರಡು ಗಂಟೆಯಲ್ಲಿ ಅಪ್ಪ ಬಂದ. ಹೊಡೆಯಲಿಲ್ಲ, ಬಯ್ಯಲಿಲ್ಲ. ಮಗಳ ಕೈಯಲ್ಲಿದ್ದ ಕಾಲೇಜಿನ ಬ್ಯಾಗನ್ನು ಮಾತ್ರ ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡ. ಅವಳು ಮತ್ತೆ ಅದನ್ನು ಹೊರಲಿಲ್ಲ. ಇಪ್ಪತ್ತು ದಿನದೊಳಗೆ ಮದುವೆ. ಗುರುಮಠಕಲ್ಲಿನ ಆಚೆ, ತೆಲಂಗಾಣದ ಗಡಿಯ ಒಂದು ಊರು. ಹೆಂಡತಿ ಸತ್ತು ಎರಡು ಮಕ್ಕಳಿದ್ದ ಗಂಡಸು. ಅವನ ಮನೆಯವರಿಗೆ ವಿಷಯ ಗೊತ್ತಿತ್ತು. ಗೊತ್ತಿದ್ದೂ ಒಪ್ಪಿದ್ದಾರೆಂದು ಜೀವಮಾನವಿಡೀ ಅವಳಿಗೆ ನೆನಪಿಸಲು ಅನುಕೂಲವಾಯಿತು.

ಹೆರಿಗೆಗೆ ತವರಿಗೆ ಬಂದವಳು ನಮ್ಮ ವಾರ್ಡಿಗೇ ಬಂದಳು. ನನ್ನನ್ನು ನೋಡಿ ಗೋಡೆಯ ಕಡೆ ಹೊರಳಿದಳು. ಡಾಕ್ಟರು ರೌಂಡಿಗೆ ಬಂದು ಕೂಸಿನ ಕೆನ್ನೆ ಮುಟ್ಟಿ, ನನ್ನ ಕಡೆ ತಿರುಗಿ, ಕಣ್ಣಲ್ಲಿ ನೀರು ತಂದುಕೊಂಡು ಹೇಳಿದರು. "ನೋಡ್ರಿ ಸಿಸ್ಟರ್, ಒಂದು ಜೀವ ಉಳೀತು. ಒಂದು ಮನೀದು ಇಜ್ಜತ್ ಉಳೀತು."

ಎರಡರಲ್ಲಿ ಯಾವುದರಲ್ಲೂ ಆ ಹುಡುಗಿ ಇರಲಿಲ್ಲ. ಅವರ ಮುಂದೆಯೇ ಮಲಗಿದ್ದಳು, ಅವರಿಗೆ ಕಾಣಲಿಲ್ಲ. ಅವತ್ತು ನನಗೆ ಆ ಮನುಷ್ಯನ ಮೇಲೆ ಮೊದಲ ಸಲ ಹೇಸಿಗೆಯಾಯಿತು. ಆದರೂ ನಾನು ಕುರ್ಚಿಯ ಹಿಂದೆ ನಿಲ್ಲುವುದನ್ನು ಬಿಡಲಿಲ್ಲ. ಇನ್ನೂ ಎರಡು ವರ್ಷ ನಿಂತೆ.

ಆಮೇಲೆ ದ್ಯಾವಮ್ಮ ಬಂದಳು.

ದ್ಯಾವಮ್ಮ ಸುರಪುರ ತಾಲ್ಲೂಕಿನ ಹೊಳೆದಂಡೆಯ ಊರಿನವಳು. ಗಂಡನ ಮನೆಯವರು ಕೃಷ್ಣೆಯಲ್ಲಿ ಮೀನು ಹಿಡಿಯುವವರು. ಗಂಡ ಮಾತ್ರ ಪುಣೆ ಕಡೆ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಮೈದುನ ಹಿಡಿದು ತಂದ ಮೀನನ್ನು ಬುಟ್ಟಿಯಲ್ಲಿಟ್ಟು ಸಂತೆಗೆ ಒಯ್ದು ಮಾರುವುದು ಇವಳ ಕೆಲಸ. ಮೂರು ಮಕ್ಕಳು. ಚಿಕ್ಕದಕ್ಕೆ ಒಂಬತ್ತು ತಿಂಗಳು. ಆ ಹೆರಿಗೆಯಲ್ಲಿ ರಕ್ತ ಹರಿದುಹೋಗಿ, ಉಳಿದದ್ದೇ ಹೆಚ್ಚು ಎಂದು ಹೇಳಿ ಕಳಿಸಿದ್ದರಂತೆ. ಗಂಡ ಹಬ್ಬಕ್ಕೆ ಬಂದು ಹೋದ ಮೇಲೆ ಮತ್ತೆ ಬಸಿರು ನಿಂತಿತ್ತು.

ಬುಟ್ಟಿಯನ್ನು ವರಾಂಡದಲ್ಲಿಟ್ಟು ಒಳಗೆ ಬಂದಳು. ಕೂರಲಿಲ್ಲ.

"ಸಾಹೇಬ್ರ, ನನಗ ಈ ಬಸಿರು ಬ್ಯಾಡ. ಮೈಯಾಗ ರಕ್ತ ಇಲ್ಲ. ಸಣ್ಣದು ಇನ್ನಾ ಎದಿಹಾಲು ಬಿಟ್ಟಿಲ್ಲ. ತೆಗೀರಿ."

ಅಳಲಿಲ್ಲ, ಕೈಮುಗಿಯಲಿಲ್ಲ. ಡಾಕ್ಟರಿಗೆ ಅದು ಹಿಡಿಸಲಿಲ್ಲ ಎಂಬುದು ನನಗೆ ಗೊತ್ತಾಯಿತು. ಅಳುವವರನ್ನು ಕಂಡರೆ ಅವರ ಕರುಣೆಗೆ ಕೆಲಸ ಸಿಗುತ್ತಿತ್ತು. ಇವಳು ಅದಕ್ಕೆ ಎಡೆ ಕೊಡಲಿಲ್ಲ. ಮೀನಿನ ವಾಸನೆಗೆ ಕರವಸ್ತ್ರ ಮೂಗಿಗೆ ಹೋಯಿತು, ನಗು ಮಾತ್ರ ಹಾಗೇ ಇತ್ತು.

"ಗಂಡ ಎಲ್ಲಿ ಅದಾನ ತಾಯಿ?"

"ಪುಣೇದಾಗ."

"ಅಂವನ ಸಹಿ ಬೇಕಲ್ಲ."

ಆಗ ಹತ್ತು ವಾರ. ಹನ್ನೆರಡನೇ ವಾರಕ್ಕೆ ಅತ್ತೆಯನ್ನು ಕರೆತಂದಳು. ಅತ್ತೆ, ಬಾಯಲ್ಲಿ ತಂಬಾಕು ಒತ್ತಿಕೊಂಡ ಗಟ್ಟಿ ಹೆಂಗಸು, ಹೆಬ್ಬೆರಳು ಮುಂದೆ ಚಾಚಿದಳು. "ಮನಿಗಿ ನಾ ಹಿರ್ಯಾಕಿ ಅದೀನ್ರಿ. ಎಲ್ಲಿ ಒತ್ತಬೇಕು ತೋರಸ್ರಿ." ಡಾಕ್ಟರು ನಕ್ಕು, ಗಂಡನದೇ ಬೇಕಲ್ಲ ಎಂದರು. ಹದಿನಾಲ್ಕನೇ ವಾರಕ್ಕೆ ಗಂಡನನ್ನು ಫೋನಿನಲ್ಲಿ ಹಿಡಿದು, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ಹಿಂದೆ ಸಿಮೆಂಟು ಕಲಸುವ ಮಶೀನಿನ ಸದ್ದು. "ಮಾಡಿಬಿಡ್ರಿ ಸಾಹೇಬ್ರ. ಆಕಿ ಹೇಳಿದ್ದೇ ನಂದೂ." ಡಾಕ್ಟರು ಫೋನಿನ ಕಡೆ ಬಾಗಿ ಪ್ರೀತಿಯಿಂದ ಹೇಳಿದರು. "ಫೋನಿನ್ಯಾಗ ಸಹಿ ಆಗಂಗಿಲ್ಲಪ್ಪ."

ಹದಿನೇಳನೇ ವಾರಕ್ಕೆ ಗಂಡ ಬಂದೇಬಿಟ್ಟ. ರೈಲಿನಲ್ಲಿ ಬಂದವನು ಮನೆಗೂ ಹೋಗದೆ ನೇರ ದವಾಖಾನೆಗೆ. ಉಗುರಿನಲ್ಲಿ ಇನ್ನೂ ಸಿಮೆಂಟು. ಮೆದು ಮನುಷ್ಯ, ದೊಡ್ಡವರ ಮುಂದೆ ಚಪ್ಪಲಿ ಬಿಟ್ಟು ನಿಲ್ಲುವವನು. ಈಗಲಾದರೂ ಮುಗಿಯಿತು ಎಂದುಕೊಂಡೆ. ಡಾಕ್ಟರು ಎದ್ದು ಅವನ ಹೆಗಲ ಮೇಲೆ ಕೈಯಿಟ್ಟು, "ಬಾರಪ್ಪ, ಚಾ ಕುಡಿಯೂನು" ಎಂದು ಒಳಗಿನ ಖೋಲಿಗೆ ಕರೆದುಕೊಂಡು ಹೋದರು. ದ್ಯಾವಮ್ಮ ಹೊರಗೆ ನಿಂತಳು. ಕಾಲು ಗಂಟೆಯ ಮೇಲೆ ಗಂಡ ಹೊರಗೆ ಬಂದ. ಅವನ ಮುಖದಲ್ಲಿ ಗೌರವ ಸಿಕ್ಕವನ ಕಳೆ ಇತ್ತು.

"ಸಾಹೇಬ್ರು ಭಾಳ ಚಲೋ ತಿಳಿಸಿ ಹೇಳ್ಯಾರ. ಇನ್ನೊಂದು ನಾಕ ದಿನ ನೋಡೂನಂತ."

"ಯಾರ ನೋಡವ್ರು?" ಎಂದಳು ದ್ಯಾವಮ್ಮ. "ನೀ ನಾಡಿದ್ದು ರೈಲ ಹತ್ತಾಂವ."

ಅವನು ತಲೆ ತಗ್ಗಿಸಿದ. ಅವಳು ಅವನನ್ನು ಅಲ್ಲೇ ಬಿಟ್ಟು ಮೇಜಿನ ಮುಂದೆ ಬಂದಳು. ಹೊರಗೆ ಪಾಳಿಯಲ್ಲಿ ಇಪ್ಪತ್ತು ಮೂವತ್ತು ಜನ, ಬಾಗಿಲು ತೆರೆದೇ ಇತ್ತು.

"ಸಾಹೇಬ್ರ, ಗಂಡ ಅಂದ್ರಿ, ಗಂಡನ್ನ ತಂದು ನಿಂದರ್ಸೀನಿ. ಈಗೇನ್ರಿ?"

"ಸಿಟ್ಟಾಗಬ್ಯಾಡ ತಾಯಿ. ನಾ ಏನು ಒಲ್ಲೆ ಅಂದೀನೇನು?"

"ಒಲ್ಲೆ ಅನ್ರಿ."

"ಏನು?"

"ಬಾಯಿ ಬಿಟ್ಟು ಒಲ್ಲೆ ಅನ್ರಿ. ಆ ಚೀಟಿ ಮ್ಯಾಲ ಬರ್ದು ಕೊಡ್ರಿ, ಈಕಿಗಿ ನಾ ಮಾಡಂಗಿಲ್ಲ ಅಂತ. ನಾ ಬ್ಯಾರೆ ಕಡಿ ಹೋಗ್ತೀನಿ. ನಾಕ ಸಲ ಬಂದೀನ್ರಿ. ಬಂದಾಗೊಮ್ಮೆ ನನ್ನ ಹೊಟ್ಟಿ ಬೆಳದದ, ನಿಮ್ಮ ವಿಚಾರ ಬೆಳಿವಲ್ದು."

ಪಾಳಿಯಲ್ಲಿದ್ದ ಜನ ಕತ್ತು ಚಾಚಿ ಒಳಗೆ ನೋಡಿದರು. ಡಾಕ್ಟರು ಚಸ್ಮಾ ತೆಗೆದರು. ಒರೆಸಿದರು. ಮತ್ತೆ ಒರೆಸಿದರು. ಒಂದೇ ಒಂದು ಶಬ್ದ ಆಡಿದ್ದರೆ ಸಾಕಿತ್ತು. ಅಷ್ಟು ದೊಡ್ಡ ಮನುಷ್ಯ, ಅಷ್ಟು ಶಾಲು ಹೊದ್ದವರು, ಎರಡಕ್ಷರ ಆಡಲಾರದೆ ಒದ್ದಾಡುವುದನ್ನು ನಾನು ಹಿಂದಿನಿಂದ ನೋಡಿದೆ. ಕೊನೆಗೆ ಪೆನ್ನು ತೆಗೆದುಕೊಂಡು ಚೀಟಿಯಲ್ಲಿ ಏನೋ ಬರೆದು ನನ್ನ ಕೈಗಿತ್ತರು. "ಸಿಸ್ಟರ್, ಈ ತಾಯಿಗಿ ಹೊರಗ ಕುಂದರ್ಸಿ ನೀರು ಕೊಡ್ರಿ."

ಚೀಟಿ ನೋಡಿದೆ. ಪುನಃ ಬರಲು ತಿಳಿಸಲಾಗಿದೆ.

ಹೊರಗೆ ಬೇವಿನ ಗಿಡದ ಕೆಳಗೆ ಅವಳಿಗೆ ಹೇಳಿದೆ. ನನಗೆ ಧೈರ್ಯ ಬಂತೆಂದು ಯಾರೂ ತಿಳಿಯಬೇಡಿ. ಇನ್ನು ತಡೆಯಲಾಗದಷ್ಟು ನಾಚಿಕೆ ಬಂತು, ಅಷ್ಟೆ.

"ನಿನ್ನ ಸಹಿ ಸಾಕವ್ವ. ಗಂಡಂದು ಬೇಕಾಗಿಲ್ಲ. ಮೊದಲೂ ಬೇಕಾಗಿರಲಿಲ್ಲ."

ಅವಳು ನನ್ನನ್ನು ನೋಡಿದಳು. "ಇದು ನಿನಗ ಯಾವಾಗಿಂದ ಗೊತ್ತು?"

ಅಲ್ಲಿಯ ತನಕ ನನಗೆ 'ರಿ' ಹಚ್ಚಿ ಮಾತಾಡುತ್ತಿದ್ದಳು.

"ನೀ ಮೊದಲ ಸಲ ಬಂದಾಗಿಂದ."

ಅವಳು ಬುಟ್ಟಿಯನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡು, "ಎಲ್ಲಿಗಿ ಹೋಗಬೇಕು ಹೇಳು" ಎಂದಳು. ಕೆನ್ನೆಗೆ ಬಾರಿಸಿದ್ದರೆ ಹಗುರಾಗುತ್ತಿತ್ತು.

ಮರುದಿನ ರಜೆ ಹಾಕಿ ಅವಳೊಂದಿಗೆ ಯಾದಗಿರಿಯ ಬಸ್ಸು ಹತ್ತಿದೆ. ಗಂಡ ಚಿಕ್ಕ ಕೂಸನ್ನು ಎತ್ತಿಕೊಂಡು ನಮ್ಮ ಹಿಂದಿನ ಸೀಟಿನಲ್ಲಿ ಕೂತ. ಅವನನ್ನು ಬರಬೇಡ ಎಂದು ಅವಳು ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ. ಶಹಾಪುರ ದಾಟಿದ ಮೇಲೆ ಕೂಸು ಅತ್ತಿತು. ಅವನು ಸೀಟಿನ ಮೇಲಿಂದ ಅದನ್ನು ದಾಟಿಸಿ, "ನನ್ನ ಮ್ಯಾಲ ಸಿಟ್ಟಾಗೀಯೇನು?" ಎಂದ.

"ಕೂಸಿಗಿ ಹಾಲು ಕುಡಿಸೂತನ ಸುಮ್ನಿರು," ಎಂದಳು.

ಯಾದಗಿರಿಯ ದೊಡ್ಡ ದವಾಖಾನೆಯಲ್ಲಿದ್ದ ಡಾಕ್ಟರಮ್ಮನಿಗೆ ಸಿಹಿ ಮಾತೆಂಬುದೇ ಇರಲಿಲ್ಲ. ಚೀಟಿಗಳನ್ನು ನೋಡಿ ನನ್ನ ಮೇಲೇ ಹರಿಹಾಯ್ದರು. "ಏನ್ರಿ ಸಿಸ್ಟರ್ ಇದು? ಹತ್ತು ವಾರದಾಗ ಬಂದಾಕಿನ್ನ ಹದಿನೇಳಕ್ಕ ತಂದೀರಿ. ಮೈಯಾಗಿನ ರಕ್ತ ನೋಡಿದ್ರ ಏಳು ಪಾಯಿಂಟೂ ಇಲ್ಲ. ಈಕಿ ಸತ್ತಿದ್ರ ನಿಮ್ಮ ದವಾಖಾನೆಯವ್ರು ಬರ್ತಿದ್ರೇನು?" ನಾನು ಬಯ್ಸಿಕೊಂಡೆ. ಆಮೇಲೆ ದ್ಯಾವಮ್ಮನ ಕಡೆ ತಿರುಗಿ ಒಂದೇ ಪ್ರಶ್ನೆ.

"ನಿನಗ ಬ್ಯಾಡೇನು?"

"ಬ್ಯಾಡ್ರಿ."

"ಹೆಸರು ಬರಿಯಾಕ ಬರ್ತದೇನು?"

"ಬರ್ತದ್ರಿ. ಹೆಣ್ಮಕ್ಕಳ ಸಂಘದಾಗ ಕಲ್ತೀನಿ."

ಫಾರ್ಮಿನ ಮೇಲೆ ಬಾಗಿ ತನ್ನ ಹೆಸರು ಬರೆದಳು. ದ ಬರೆದು ಅದರ ಕೆಳಗೆ ಯ ಒತ್ತು ಕೊಡುವಾಗ ಪೆನ್ನು ನಿಂತಿತು. ಡಾಕ್ಟರಮ್ಮ ಗಡಿಬಿಡಿ ಮಾಡಲಿಲ್ಲ. ಪೂರ್ತಿ ಬರೆದು, ತಾನೇ ಒಮ್ಮೆ ಓದಿ ನೋಡಿ, ಕಾಗದವನ್ನು ಮುಂದೆ ಸರಿಸಿದಳು. ಬಾಗಿಲಲ್ಲಿ ಕೂಸಿನೊಂದಿಗೆ ನಿಂತ ಗಂಡನನ್ನು ಯಾರೂ ಏನೂ ಕೇಳಲಿಲ್ಲ.

ರಕ್ತ ಏರಿಸಿದ ಮೇಲೆಯೇ ಕೆಲಸ ಆಯಿತು. ಹದಿನೇಳು ವಾರದ್ದು ಹತ್ತು ವಾರದಷ್ಟು ಸುಲಭವಲ್ಲ. ನೋವು ತಿಂದಳು, ಒಂದು ಹೊತ್ತು ನನಗೂ ಭಯವಾಗಿತ್ತು. ಮುಗಿದ ಮೇಲೆ ಅತ್ತಳು. ಅದನ್ನು ಮುಚ್ಚಿಡುವುದಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಅತ್ತಳು. ಡಾಕ್ಟರು ಇದ್ದಿದ್ದರೆ ಆ ಕಣ್ಣೀರನ್ನು ಹಿಡಿದುಕೊಂಡು ಹತ್ತು ಭಾಷಣ ಮಾಡುತ್ತಿದ್ದರು. ನಾನು ಕೇಳಿದೆ, "ತಪ್ಪಾತು ಅನಸ್ತದೇನು?"

"ಇಲ್ಲ," ಎಂದಳು. "ಹತ್ತು ವಾರದಾಗ ಆಗಿದ್ರ ಇಷ್ಟು ಅಳು ಬರ್ತಿದ್ದಿಲ್ಲ. ಇದು ನಿಮ್ಮವ್ರು ಬೆಳಿಸಿದ ದುಃಖ."

ಮೂರನೇ ದಿನ ಮನೆಗೆ ಹೋದಳು. ಗಂಡ ಆ ರೈಲು ಹತ್ತಲಿಲ್ಲ. ತಿಂಗಳೊಪ್ಪತ್ತು ಊರಲ್ಲೇ ಉಳಿದು, ಅವಳಿಗೆ ಶಕ್ತಿ ಬರುವ ತನಕ ಬುಟ್ಟಿ ಹೊತ್ತು ಸಂತೆಗೆ ಹೋದ ಎಂದು ಆಮೇಲೆ ಕೇಳಿದೆ.

ನಾನು ಡ್ಯೂಟಿಗೆ ಮರಳಿದ ದಿನ ಡಾಕ್ಟರು ಖೋಲಿಗೆ ಕರೆದು ಕೂರಿಸಿದರು. ಚಾ ತರಿಸಿದರು.

"ಸಿಸ್ಟರ್, ನನಗ ಒಂದು ಮಾತು ಹೇಳಿದ್ರ ನಾನೇ ಯಾದಗಿರಿಗಿ ಚೀಟಿ ಬರ್ದು ಕೊಡ್ತಿದ್ದೆನಲ್ಲ? ನಾ ಏನು ಬ್ಯಾಡ ಅಂತಿದ್ನೇನು?"

ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವರ ಮುಂದೆ ನನಗೆ ನಗು ಬಂತು. ಅವರಿಗೆ ಅರ್ಥವಾಗಲಿಲ್ಲ. ತಿಂಗಳೊಳಗೆ ನನಗೆ ಗುರುಮಠಕಲ್ ಕಡೆಗೆ ವರ್ಗ. ಅದರಲ್ಲಿ ತಮ್ಮ ಕೈ ಇಲ್ಲವೆಂದು ಅವರೇ ಬಂದು ಹೇಳಿದರು, ಕೇಳದಿದ್ದರೂ. ಬೀಳ್ಕೊಡುಗೆ ಸಭೆಯಲ್ಲಿ ನನ್ನ ಸೇವೆಯನ್ನು ಹೊಗಳಿ ತಾವೇ ಒಂದು ಶಾಲು ಹೊದಿಸಿದರು. ಗುರುಮಠಕಲ್ಲಿನ ಕ್ವಾರ್ಟರ್ಸಿನಲ್ಲಿ ಇಸ್ತ್ರಿ ಮಾಡುವ ಮೇಜಿಗೆ ಅದನ್ನೇ ಹಾಸಿದ್ದೆ. ಒಳ್ಳೆಯ ಉಣ್ಣೆ, ನಿವೃತ್ತಿಯ ತನಕ ಬಾಳಿಕೆ ಬಂತು.

ಅವರು ಹೋದ ಸುದ್ದಿ ಕೇಳಿ ನಾನು ಸಭೆಗೆ ಹೋಗಲಿಲ್ಲ. ತಿಥಿಯ ಕಾರ್ಯವೆಲ್ಲ ಮುಗಿದು ಜನ ಚದುರಿದ ಮೇಲೆ ಒಂದು ಮಧ್ಯಾಹ್ನ ಅವರ ಮನೆಗೆ ಹೋದೆ. ಹೆಂಡತಿಯನ್ನು ಮಾತಾಡಿಸಬೇಕಿತ್ತು. ಅವರ ಮೇಲೆ ನನಗೆ ಮೊದಲಿಂದಲೂ ಗೌರವ. ಕಡಿಮೆ ಮಾತಿನ ಹೆಂಗಸು, ದವಾಖಾನೆಯ ಯಾವ ಸಮಾರಂಭಕ್ಕೂ ಬಂದವರಲ್ಲ. ಕಿರಿಯ ಮಗಳು ಚಹಾ ತಂದಿಟ್ಟು, ತಾಯಿಯ ಹೆಗಲ ಮೇಲೆ ಒಂದು ಕ್ಷಣ ಕೈಯಿಟ್ಟು ಒಳಗೆ ಹೋದಳು.

ನಾನು ಏನೋ ಸಮಾಧಾನದ ಮಾತು ಹುಡುಕುತ್ತಿದ್ದೆ. ಅವರೇ ಶುರು ಮಾಡಿದರು.

"ಸಿಸ್ಟರ್, ಈಕಿ ಹೊಟ್ಟ್ಯಾಗ ಇದ್ದಾಗ ನನಗ ಸಾಲಿ ನೌಕರಿ ಆರ್ಡರ್ ಬಂದಿತ್ತು. ಎರಡು ಮಕ್ಕಳು ಸಾಕಾಗಿದ್ವು, ಈ ಬಸಿರು ನಾ ಒಲ್ಲೆ ಅಂದೆ. ಇವರು ನಗಕೋತ ನಗಕೋತ ನಾಕ ತಿಂಗಳು ಕಳದ್ರು. ಆರ್ಡರ್ ಹೋತು." ಒಳಗಿನ ಬಾಗಿಲ ಕಡೆ ನೋಡಿ ಧ್ವನಿ ಇಳಿಸಿದರು. "ಮಗಳ ಮ್ಯಾಲ ನನ್ನ ಜೀವ ಅದ. ಅದು ಬ್ಯಾರೆ, ಇದು ಬ್ಯಾರೆ."

ನಾನು ಚಹಾದ ಕಪ್ಪು ಹಿಡಿದುಕೊಂಡೇ ಕೂತೆ.

"ನೀವು ಆ ಮೀನು ಮಾರೂ ಹೆಣ್ಮಗಳನ್ನ ಕರ್ಕೊಂಡು ಹೋದ ದಿನ ಇವರಿಗಿ ಮಧ್ಯಾಹ್ನನೇ ಗೊತ್ತಾಗಿತ್ತು. ಮನಿಗಿ ಬಂದ್ರು, ತಾಟಿನ ಮುಂದ ಕುಂತ್ರು, ಉಣ್ಣಲಿಲ್ಲ. ನನ್ನ ಕೇಳಲಾರದ ಹೋದ್ರು, ನನ್ನ ಕೇಳಲಾರದ ಹೋದ್ರು ಅಂತ ಎದ್ದು ಹೋಗಿ ಮಲಗಿಬಿಟ್ರು."

"ನೀವೇನಂದ್ರಿ?"

"ನಾ ಏನೂ ಅನ್ನಲಿಲ್ಲ." ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು. "ಅವರ ತಾಟು ನನ್ನ ಕಡಿ ಎಳ್ಕೊಂಡೆ. ಅವತ್ತು ಬಿಸಿರೊಟ್ಟಿ, ಎಣ್ಣಿಗಾಯಿ ಮಾಡಿದ್ದೆ. ನಂದೂ ಉಂಡೆ, ಅವರದೂ ಉಂಡೆ. ಭಾಳ ವರ್ಷದ ಮ್ಯಾಲ ಹೊಟ್ಟಿ ತುಂಬ ಉಂಡೆ ಸಿಸ್ಟರ್."